ತಾನೇ ಗೇರ್ ಹಾಕುವ ಕಾರಿಗೆ ಪ್ಲಸ್-ಮೈನಸ್ ಯಾಕೆ?

ಓದುಗರ ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರು ಬೆಳ್ತಂಗಡಿ ಹತ್ತಿರ. ಬಹಳ ವರ್ಷ ಮ್ಯಾನುಯಲ್ ಕಾರು ಓಡಿಸಿ, ಹೋದ ವರ್ಷ ಒಂದು ಚಿಕ್ಕ ಎಸ್‌ಯುವಿ ತೆಗೆದುಕೊಂಡೆ. 1.5 ಲೀಟರ್ ಪೆಟ್ರೋಲ್ ಎಂಜಿನ್, 6 ಗೇರಿನ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲ್ ಮೂಲಕ ಶಕ್ತಿ ದಾಟಿಸುವ) ಆಟೋಮ್ಯಾಟಿಕ್. ಸ್ಟೀರಿಂಗ್ ಹಿಂದೆ ಪ್ಲಸ್, ಮೈನಸ್ ಪ್ಯಾಡಲ್ ಇವೆ. ಗೇರ್ ಲಿವರಿನಲ್ಲಿ ‘ಎಂ’, ಅಂದರೆ ಮ್ಯಾನುಯಲ್ ಮೋಡ್ ಕೂಡ ಇದೆ. ಈವರೆಗೆ ಎರಡನ್ನೂ ಮುಟ್ಟಿಲ್ಲ. ಶೋರೂಮಿನ ಹುಡುಗ “ಅದು ಸ್ಪೋರ್ಟಿ ಫೀಲ್‌ಗೆ ಸರ್” ಅಂದಿದ್ದ. ನಮ್ಮ ಭಾವ “ಅದನ್ನ ಒತ್ತಲೇಬೇಡ, ಗೇರ್‌ಬಾಕ್ಸ್ ಹೋದರೆ ಲಕ್ಷಗಟ್ಟಲೆ ಖರ್ಚು” ಅಂತಾರೆ. ಮೊನ್ನೆ ಮನೆಯವರನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಯುವಾಗ ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. ಬ್ರೇಕ್ ಪೆಡಲ್ ಮಾಮೂಲಿಗಿಂತ ಕೆಳಗೆ ಹೋಗುತ್ತಿದೆ ಅನಿಸಿತು. ಅರ್ಧ ಗಂಟೆ ನಿಲ್ಲಿಸಿ ಹೊರಟ ಮೇಲೆ ಸರಿಯಾಯಿತು. ಸರ್ವಿಸ್ ಸೆಂಟರಿನಲ್ಲಿ ತೋರಿಸಿದರೆ “ಬ್ರೇಕ್ ಚೆನ್ನಾಗಿಯೇ ಇದೆ” ಅಂದರು. ಹಾಗಾದರೆ ಆ ಮ್ಯಾನುಯಲ್ ಮೋಡ್ ನಿಜಕ್ಕೂ ಉಪಯೋಗಕ್ಕೆ ಬರುತ್ತದಾ, ಅಥವಾ ಬರೀ ಶೋಕಿಯಾ? ಅಪ್ಪನ ಹತ್ತಿರ ಎಎಂಟಿ (ಮ್ಯಾನುಯಲ್ ಗೇರ್‌ಬಾಕ್ಸನ್ನೇ ಯಂತ್ರ ನಡೆಸುವ ಬಗೆಯ) ಕಾರಿದೆ. ಅದಕ್ಕೂ ಇದೇ ಲೆಕ್ಕವಾ?

ಉತ್ತರ: ನೀವು ಕೇಳಿರುವುದು ಗೇರಿನ ಬಗ್ಗೆ, ಆದರೆ ನಿಮ್ಮನ್ನು ಹೆದರಿಸಿರುವುದು ಬ್ರೇಕು. ಎರಡಕ್ಕೂ ನಂಟಿದೆ ಅಂತ ನಿಮಗೇ ಅನುಮಾನ ಬಂದಿದೆ, ಅದು ಸರಿಯಾಗಿಯೇ ಇದೆ.

ಮೊದಲು ನೇರ ಉತ್ತರ. ಬೆಂಗಳೂರಿನ ಓಡಾಟದಲ್ಲಿ ಆ ಪ್ಯಾಡಲ್‌ಗಳು ಇವೆ ಅನ್ನುವುದನ್ನೇ ಮರೆತುಬಿಡಿ. ಘಾಟಿ ಇಳಿಯುವಾಗ ಮಾತ್ರ ಮ್ಯಾನುಯಲ್ ಮೋಡ್ ಹಾಕದೆ ಇಳಿಯಬೇಡಿ. ಇನ್ನು ಭಾವನ ಮಾತಿಗೆ ಬರುತ್ತೇನೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ರಿಪೇರಿ ಮಾಡುವುದೇ ನನ್ನ ಕಸುಬು. ಆಯಿಲ್ ಬದಲಿಸದೆ ಕೆಟ್ಟವು, ಕಾದು ಕೆಟ್ಟವು, ಮಳೆಗಾಲದಲ್ಲಿ ನೀರು ಹೊಕ್ಕು ಕೆಟ್ಟವು ಬೇಕಾದಷ್ಟು ನನ್ನ ಬೆಂಚಿಗೆ ಬಂದಿವೆ. ಪ್ಯಾಡಲ್ ಒತ್ತಿದ್ದಕ್ಕೇ ಕೆಟ್ಟದ್ದು ಅಂತ ಒಂದೂ ಬಂದಿಲ್ಲ.

ಭಾವನ ಭಯ ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. ಮ್ಯಾನುಯಲ್ ಕಾರಿನಲ್ಲಿ 100ರ ವೇಗದಲ್ಲಿ ಹೋಗುವಾಗ ಐದನೇ ಗೇರಿನಿಂದ ನಾಲ್ಕಕ್ಕೆ ಬದಲು ತಪ್ಪಿ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಕಿರುಚಿಕೊಳ್ಳುತ್ತದೆ. ವಾಲ್ವ್ ಬಾಗಬಹುದು, ಕ್ಲಚ್ ಪ್ಲೇಟ್ ಒಡೆಯಬಹುದು. ಅಲ್ಲಿ ಲಿವರ್ ನೇರವಾಗಿ ಗೇರಿಗೇ ಜೋಡಿಸಿರುತ್ತದೆ, ತಡೆಯುವವರು ಯಾರೂ ಇಲ್ಲ. ನಿಮ್ಮ ಕಾರಿನಲ್ಲಿ ಪ್ಯಾಡಲ್ ಅನ್ನುವುದು ಬರೀ ಒಂದು ಸ್ವಿಚ್. ಒತ್ತಿದರೆ ಗೇರ್‌ಬಾಕ್ಸಿನ ಕಂಪ್ಯೂಟರಿಗೆ “ಒಂದು ಗೇರ್ ಇಳಿಸು” ಅಂತ ಅರ್ಜಿ ಹೋಗುತ್ತದೆ, ಅಷ್ಟೇ. ಈಗಿನ ವೇಗಕ್ಕೆ ಆ ಗೇರ್ ಹಾಕಿದರೆ ಎಂಜಿನ್ ಮಿತಿ ಮೀರಿ ತಿರುಗುತ್ತದಾ ಅಂತ ಅದು ಲೆಕ್ಕ ಹಾಕುತ್ತದೆ. ಮೀರುವುದಾದರೆ ಅರ್ಜಿ ವಜಾ. ಕೆಲವು ಕಾರಿನಲ್ಲಿ ಬೀಪ್ ಅನ್ನುತ್ತದೆ, ಕೆಲವು ಸುಮ್ಮನಿರುತ್ತವೆ. ಕಾರು ನಿಲ್ಲುವಾಗ ನೀವು ಮರೆತರೂ ಅದೇ ಒಂದನೇ ಗೇರಿಗೆ ಬರುತ್ತದೆ. ಎಕ್ಸಲರೇಟರ್ ಒತ್ತಿ ರೇಸ್ ಮಾಡಿದರೆ ಮೀಟರಿನಲ್ಲಿ ಎಂಜಿನ್ ವೇಗದ ಮಿತಿ ತೋರಿಸುವ ಕೆಂಪು ಗೆರೆಯ ಹತ್ತಿರ ಬಹುತೇಕ ಕಾರುಗಳು ತಾವೇ ಮೇಲಿನ ಗೇರ್ ಹಾಕಿಕೊಳ್ಳುತ್ತವೆ. ಮಿಕ್ಕವು ಪೆಟ್ರೋಲ್ ಕಡಿತ ಮಾಡಿ ಎಂಜಿನ್ನನ್ನು ಅಲ್ಲೇ ತಡೆಯುತ್ತವೆ. ಅಂದರೆ ‘ಎಂ’ ಹಾಕಿದರೂ ಪೂರ್ತಿ ಅಧಿಕಾರ ನಿಮ್ಮ ಕೈಗೆ ಬರುವುದಿಲ್ಲ. ಅದು ಒಳ್ಳೆಯದೇ.

ಶೋರೂಮಿನ ಹುಡುಗ ಹೇಳಿದ್ದು ಅರ್ಧ ಸತ್ಯ. 1990ರ ಸುಮಾರಿಗೆ ಪೋರ್ಷೆ ಕಂಪನಿ ತನ್ನ 911 ಕಾರಿನಲ್ಲಿ ಟಿಪ್‌ಟ್ರಾನಿಕ್ ಅನ್ನುವ ಹೆಸರಿನಲ್ಲಿ ಇದನ್ನು ತಂದಾಗಿನಿಂದ ಪ್ಲಸ್-ಮೈನಸ್‌ಗೆ ಸ್ಪೋರ್ಟ್ಸ್ ಕಾರಿನ ಬಣ್ಣ ಅಂಟಿಕೊಂಡಿದೆ. ಆದರೆ ಅದಕ್ಕೂ ಎಷ್ಟೋ ಹಿಂದಿನ ಆಟೋಮ್ಯಾಟಿಕ್ ಕಾರುಗಳ ಲಿವರಿನಲ್ಲೂ ‘ಡಿ’ (ಮಾಮೂಲಿ ಓಡಾಟದ ಡ್ರೈವ್) ಕೆಳಗೆ ‘2’, ‘ಎಲ್’ (ಲೋ, ಅಂದರೆ ಕೆಳಗಿನ ಗೇರ್) ಅಂತ ಇರುತ್ತಿತ್ತು. ಅದು ಯಾರ ಶೋಕಿಗೂ ಇಟ್ಟದ್ದಲ್ಲ. ಬೆಟ್ಟ ಹತ್ತಿ ಇಳಿಯುವುದಕ್ಕೆ ಇಟ್ಟದ್ದು. ನಿಮ್ಮ ಪ್ಯಾಡಲ್ ಕೂಡ ಆ ‘ಎಲ್’ನ ಮೊಮ್ಮಗನೇ.

ಈಗ ಚಾರ್ಮಾಡಿಯಲ್ಲಿ ಏನಾಯಿತು ನೋಡೋಣ.

ಗೇರ್‌ಬಾಕ್ಸ್ ಕಂಪ್ಯೂಟರಿಗೆ ಬಹಳ ಸಂಗತಿ ಗೊತ್ತಿರುತ್ತದೆ. ವೇಗ ಎಷ್ಟು, ಎಕ್ಸಲರೇಟರ್ ಎಷ್ಟು ಒತ್ತಿದ್ದೀರಿ, ಎಂಜಿನ್ ಮೇಲೆ ಎಷ್ಟು ಭಾರ ಇದೆ, ಎಲ್ಲಾ ಗೊತ್ತು. ಮುಂದೆ ರಸ್ತೆ ಹೇಗಿದೆ ಅನ್ನುವುದು ಮಾತ್ರ ಗೊತ್ತಿಲ್ಲ. ಇಳಿಜಾರಿನಲ್ಲಿ ನೀವು ಎಕ್ಸಲರೇಟರಿನಿಂದ ಕಾಲು ತೆಗೆದರೆ ಅದು ಏನಂದುಕೊಳ್ಳುತ್ತದೆ? “ಎಂಜಿನ್ನಿಗೆ ಕೆಲಸ ಇಲ್ಲ, ಪೆಟ್ರೋಲ್ ಉಳಿಸೋಣ” ಅಂತ ಮೇಲಿನ ಗೇರ್ ಹಾಕುತ್ತದೆ. ನಾಲ್ಕು, ಐದು. ಆ ಗೇರಿನಲ್ಲಿ ಎಂಜಿನ್ ಕಾರನ್ನು ಹಿಡಿದು ನಿಲ್ಲಿಸುವುದು ಅಷ್ಟಕ್ಕಷ್ಟೇ. ಕಾರು ಓಡತೊಡಗುತ್ತದೆ. ನೀವು ಬ್ರೇಕ್ ಒತ್ತುತ್ತೀರಿ. ಬಿಟ್ಟರೆ ಮತ್ತೆ ಓಡುತ್ತದೆ, ಮತ್ತೆ ಒತ್ತುತ್ತೀರಿ. ಮ್ಯಾನುಯಲ್ ಕಾರು ಓಡಿಸುವಾಗ ನೀವು ಯೋಚನೆಯೇ ಮಾಡದೆ ಎರಡನೇ ಗೇರಿನಲ್ಲಿ ಇಳಿಯುತ್ತಿದ್ದಿರಿ, ಅಲ್ವಾ? ಈ ಕಾರಿನಲ್ಲಿ ಆ ಅಭ್ಯಾಸ ಕೈಬಿಟ್ಟು ಹೋಗಿದೆ. ಅಷ್ಟೇ ಆಗಿರುವುದು. ಆಟೋಮ್ಯಾಟಿಕ್‌ಗೆ ಬಂದ ಹಳಬರಲ್ಲಿ ಇದನ್ನು ಬಹಳ ನೋಡಿದ್ದೇನೆ.

ಎಷ್ಟು ಬಿಸಿಯ ಮಾತು ಇದು ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಕಾರು, ನಾಲ್ಕು ಜನ, ಲಗೇಜು ಸೇರಿ 1,500 ಕಿಲೋ ಅಂತಿಟ್ಟುಕೊಳ್ಳಿ. ಎತ್ತರದಲ್ಲಿ 600 ಮೀಟರ್ ಇಳಿಯುತ್ತೀರಿ ಅಂತಿಟ್ಟುಕೊಳ್ಳಿ. ಆ ಇಳಿತದಲ್ಲಿ ಕಳೆಯಬೇಕಾದ ಶಕ್ತಿ ಸುಮಾರು 88 ಲಕ್ಷ ಜೌಲ್. 25 ಲೀಟರಿಗಿಂತ ಜಾಸ್ತಿ ತಣ್ಣೀರನ್ನು ಕುದಿಸಲು ಸಾಕಾಗುವ ಬಿಸಿ ಅದು. ಒಂದು ಪಾಲು ಗಾಳಿಗೆ, ಒಂದು ಪಾಲು ಟೈರಿಗೆ ಹೋಗುತ್ತದೆ. ಉಳಿದದ್ದನ್ನು ಯಾರಾದರೂ ಹೊರಲೇಬೇಕು. ‘ಡಿ’ನಲ್ಲಿ ಇಳಿದರೆ ಅದರ ಬಹುಪಾಲು ಬೀಳುವುದು ಅಂಗೈ ಅಗಲದ ಬ್ರೇಕ್ ಪ್ಯಾಡ್‌ಗಳ ಮೇಲೆ, ಅದರಲ್ಲೂ ಮುಂದಿನ ಚಕ್ರದವುಗಳ ಮೇಲೆ. ಕೆಳಗಿನ ಗೇರಿನಲ್ಲಿ ಇಳಿದರೆ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ಎಂಜಿನ್ನಿಗೆ ರೇಡಿಯೇಟರ್ ಇದೆ, ಫ್ಯಾನ್ ಇದೆ, ಆಯಿಲ್ ಇದೆ. ಪ್ಯಾಡಿಗೆ ಏನಿದೆ?

ನಿಮಗೆ ಬಂದ ವಾಸನೆ ಪ್ಯಾಡಿನಲ್ಲಿರುವ ಅಂಟು ಕಾದು ಬಂದದ್ದು. ಅದು ಮೊದಲ ಸೂಚನೆ. ಪೆಡಲ್ ಕೆಳಗೆ ಹೋದದ್ದು ಎರಡನೆಯದು, ಅದು ಇನ್ನೂ ಗಂಭೀರ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ಮಾನದಂಡ. ತೇವ ಹೀರಿಕೊಂಡ ಮೇಲೆ ಅದು 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಅದೇ ಲೆಕ್ಕ 230 ಮತ್ತು 155. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಕಾದು ಅದರೊಳಗೆ ಆಯಿಲ್ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಒತ್ತಡ ಪ್ಯಾಡಿಗೆ ಹೋಗುತ್ತದೆ, ಗುಳ್ಳೆಯನ್ನು ಒತ್ತಿದರೆ ಗುಳ್ಳೆಯೇ ಕುಗ್ಗುತ್ತದೆ. ಅದಕ್ಕೇ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುವುದು. ತಣ್ಣಗಾದರೆ ಗುಳ್ಳೆ ಮಾಯ. ಸರ್ವಿಸ್ ಸೆಂಟರಿನವರು ಮರುದಿನ ತಣ್ಣಗಿರುವ ಬ್ರೇಕ್ ನೋಡಿ ಚೆನ್ನಾಗಿದೆ ಅಂದರೆ ಅವರು ಸುಳ್ಳು ಹೇಳಿಲ್ಲ. ನೋಡಬೇಕಾದ್ದನ್ನು ನೋಡಿಲ್ಲ ಅಷ್ಟೇ. ಮತ್ತೊಮ್ಮೆ ಹೋಗಿ ಚಕ್ರ ಬಿಚ್ಚಿಸಿ ನೋಡಿ. ಪ್ಯಾಡಿನ ಮುಖ ಒರಟಾಗಿ ಮಂಕಾಗಿದ್ದರೆ ಸರಿ. ಗಾಜಿನ ಹಾಗೆ ಹೊಳೆಯುತ್ತಿದ್ದರೆ, ಡಿಸ್ಕಿನ ಮೇಲೆ ನೀಲಿ ಛಾಯೆ ಬಂದಿದ್ದರೆ, ಅದು ವಿಪರೀತ ಕಾದಿದೆ ಅಂತ. ಹಾಗಿದ್ದರೆ ಪ್ಯಾಡ್ ಬದಲಿಸಿಬಿಡಿ. ಬ್ರೇಕ್ ಆಯಿಲ್ ಏನೇ ಇದ್ದರೂ ಬದಲಿಸಿ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಅನ್ನುವುದು ಲೆಕ್ಕ, ಆದರೆ ಒಮ್ಮೆ ಕುದಿದ ಅನುಮಾನ ಇರುವ ಆಯಿಲನ್ನು ಇಟ್ಟುಕೊಂಡು ಮತ್ತೆ ಘಾಟಿಗೆ ಹೋಗುವುದು ಬೇಡ.

ಹಾಗಾದರೆ ಇಳಿಯುವುದು ಹೇಗೆ? ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಡುತ್ತೀರಲ್ಲ, ಇಳಿಜಾರು ಶುರುವಾಗುವ ಮುಂಚೆಯೇ ಲಿವರನ್ನು ‘ಎಂ’ಗೆ ತನ್ನಿ. ವೇಗ ಹೆಚ್ಚಾದ ಮೇಲೆ ಅಲ್ಲ, ಮುಂಚೆಯೇ. ಮೂರನೇ ಗೇರಿನಲ್ಲಿ ಶುರು ಮಾಡಿ. ಬ್ರೇಕ್ ಒತ್ತದೆ ಕಾರು ತನ್ನ ಪಾಡಿಗೆ ಒಂದು ವೇಗಕ್ಕೆ ಬಂದು ನಿಲ್ಲುತ್ತದಾ ನೋಡಿ. ನಿಲ್ಲದೆ ಏರುತ್ತಲೇ ಇದ್ದರೆ ಎರಡಕ್ಕೆ ಇಳಿಸಿ. ತಿರುವು ಬಂತು ಅಂದರೆ, ತಿರುವಿಗೆ ಮುಂಚಿನ ನೇರ ದಾರಿಯಲ್ಲೇ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ವೇಗ ಇಳಿಸಿ, ಮೈನಸ್ ಒತ್ತಿ, ಬ್ರೇಕ್ ಬಿಟ್ಟು ಎರಡನೇ ಗೇರಿನಲ್ಲೇ ತಿರುಗಿಸಿಕೊಳ್ಳಿ. ಚಾರ್ಮಾಡಿಯ ಹೆಚ್ಚಿನ ತಿರುವುಗಳಿಗೆ ಎರಡನೇ ಗೇರು ಸಾಕು. ಆಗುಂಬೆಯ ಬಿಗಿ ತಿರುವುಗಳಲ್ಲಿ, ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿಯ 36 ಹೇರ್‌ಪಿನ್‌ಗಳಂಥ ಕಡಿದಾದ ದಾರಿಯಲ್ಲಿ ಒಂದನೇ ಗೇರೂ ಬೇಕಾಗಬಹುದು. ಲಾರಿಯವರ ಹಳೇ ಮಾತೊಂದಿದೆ, ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಅಂತ. ಆಟೋಮ್ಯಾಟಿಕ್‌ಗೂ ಅದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ. ಹತ್ತುವಾಗ ಮೀಟರಿನಲ್ಲಿ ಯಾವ ಗೇರ್ ತೋರಿಸುತ್ತಿದೆ ಅಂತ ಗಮನಿಸಿಟ್ಟುಕೊಳ್ಳಿ.

ಎಂಜಿನ್ ಸದ್ದಿಗೆ ಹೆದರಬೇಡಿ. ಎರಡನೇ ಗೇರಿನಲ್ಲಿ 30ರ ವೇಗಕ್ಕೆ ನಿಮ್ಮಂಥ ಕಾರಿನಲ್ಲಿ ಎಂಜಿನ್ 2,000-2,500 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಆಸುಪಾಸಿನಲ್ಲಿ ತಿರುಗುತ್ತದೆ. ಕಡಿದಾದ ಕಡೆ 3,500ಕ್ಕೆ ಹೋದರೂ ಪೆಟ್ರೋಲ್ ಎಂಜಿನ್ನಿಗೆ ಅದು ಏನೂ ಅಲ್ಲ, ಅದರ ಕೆಂಪು ಗೆರೆ ಇರುವುದು 6,000ದ ಹತ್ತಿರ. ಹಿಂದೆ ಕೂತ ಅಮ್ಮನಿಗೆ “ಯಾಕೋ ಗಾಡಿ ಕೂಗ್ತಾ ಇದೆ” ಅನಿಸಬಹುದು. ಕೂಗಲಿ ಬಿಡಿ.

ಹೀಗೆ ಕೆಳಗಿನ ಗೇರಿನಲ್ಲಿ ಇಳಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಅನ್ನುವುದೂ ಸುಳ್ಳು. ಗೇರಿನಲ್ಲಿದ್ದು ಎಕ್ಸಲರೇಟರಿನಿಂದ ಕಾಲು ಪೂರ್ತಿ ತೆಗೆದಾಗ ಈಗಿನ ಎಂಜಿನ್‌ಗಳು ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತವೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. 3,000 ಆರ್‌ಪಿಎಂ ತೋರಿಸುತ್ತಿದ್ದರೂ ಖರ್ಚು ಸೊನ್ನೆ. ನ್ಯೂಟ್ರಲ್ ಹಾಕಿದರೆ ಮಾತ್ರ ಎಂಜಿನ್ ತಾನಾಗಿ ತಿರುಗಬೇಕು, ಅದಕ್ಕೆ ಪೆಟ್ರೋಲ್ ಬೇಕು. ಉಳಿತಾಯ ಅಂತ ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯುವವರು ಪೆಟ್ರೋಲನ್ನೂ ಕಳೆದುಕೊಂಡು ಪ್ರಾಣವನ್ನೂ ಒತ್ತೆ ಇಡುತ್ತಾರೆ. ಇದನ್ನು ಎಷ್ಟು ಸಲ ಹೇಳಿದರೂ ಕೆಲವರು ನಂಬುವುದಿಲ್ಲ.

ಈ ವಿಧಾನಕ್ಕೂ ಅದರದೇ ಅಪಾಯಗಳಿವೆ. ಗೇರಿನಲ್ಲಿ ಹಿಡಿದು ಇಳಿಯುವಾಗ ನಿಮ್ಮ ಬ್ರೇಕ್ ಲೈಟ್ ಹತ್ತುವುದಿಲ್ಲ, ಹಿಂದಿನವನಿಗೆ ನೀವು ನಿಧಾನವಾದದ್ದು ಗೊತ್ತಾಗುವುದಿಲ್ಲ. ಕನ್ನಡಿಯಲ್ಲಿ ಯಾರಾದರೂ ಹತ್ತಿರ ಕಂಡರೆ ಪೆಡಲನ್ನು ಸುಮ್ನೆ ಒಮ್ಮೆ ಮುಟ್ಟಿ ಲೈಟ್ ತೋರಿಸಿ. ಮಳೆಗಾಲದಲ್ಲಿ ಇನ್ನೊಂದು ವಿಷಯ. ಒದ್ದೆ ರಸ್ತೆಯಲ್ಲಿ ತಿರುವಿನ ಮಧ್ಯೆ ಗೇರ್ ಇಳಿಸಿದರೆ ಚಕ್ರ ಒಮ್ಮೆಲೇ ಬಿಗಿಯಾಗಿ ಜಾರಬಹುದು. ನಿಮ್ಮದು ಮುಂದಿನ ಚಕ್ರ ಎಳೆಯುವ ಕಾರು, ಜಾರಿದರೆ ಸ್ಟೀರಿಂಗ್ ತಿರುಗಿಸಿದ ಕಡೆ ಹೋಗದೆ ನೇರ ಹೋಗುತ್ತದೆ. ಇನೋವಾ ಕ್ರಿಸ್ಟಾ, ಸ್ಕಾರ್ಪಿಯೋ ಥರದ ಹಿಂದಿನ ಚಕ್ರ ತಳ್ಳುವ ಗಾಡಿಗಳಲ್ಲಿ ಹಿಂಭಾಗವೇ ಆಚೆ ಹೋಗಬಹುದು. ಅದಕ್ಕೇ ಗೇರ್ ಇಳಿಸುವುದೇನಿದ್ದರೂ ತಿರುವಿಗೆ ಮೊದಲೇ ಮುಗಿಸಬೇಕು, ಒಂದೊಂದೇ ಗೇರು, ಆತುರ ಬೇಡ.

ಇನ್ನೊಂದು ಎಡವಟ್ಟು ಬಹಳ ಜನಕ್ಕೆ ಆಗುತ್ತದೆ. ಲಿವರ್ ‘ಡಿ’ನಲ್ಲೇ ಇಟ್ಟು ಪ್ಯಾಡಲ್ ಒತ್ತಿದರೆ ಬಹುತೇಕ ಕಾರುಗಳು ಗೇರ್ ಇಳಿಸುತ್ತವೆ, ಆದರೆ ಸ್ವಲ್ಪ ಹೊತ್ತಿಗೆ “ಆಯ್ತಲ್ಲ” ಅಂತ ಮತ್ತೆ ಆಟೋಗೆ ಮರಳುತ್ತವೆ. ಒಂದು ಓವರ್‌ಟೇಕಿಗೆ ಅದು ಚೆನ್ನ. ಘಾಟಿಯಲ್ಲಿ, ನೀವು ಎರಡನೇ ಗೇರಿನಲ್ಲಿದ್ದೇನೆ ಅಂದುಕೊಂಡಿರುವಾಗ ಅದು ನಾಲ್ಕಕ್ಕೆ ಹೋಗಿ ಕೂತಿರುತ್ತದೆ. ಮೀಟರಿನಲ್ಲಿ ‘ಎಂ2’ (ಮ್ಯಾನುಯಲ್ ಮೋಡಿನ ಎರಡನೇ ಗೇರ್) ಅಂತ ಕಾಣುತ್ತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಲಿವರಿನಿಂದ ಗೇರ್ ಬದಲಿಸುವವರು ಪ್ಲಸ್ ಮುಂದಕ್ಕಾ ಹಿಂದಕ್ಕಾ ಅಂತಲೂ ನೋಡಿಕೊಳ್ಳಬೇಕು. ಎಲ್ಲಾ ಕಂಪನಿಗಳೂ ಒಂದೇ ಥರ ಇಟ್ಟಿಲ್ಲ.

ಹಿಲ್ ಡಿಸೆಂಟ್ ಕಂಟ್ರೋಲ್ ಅನ್ನುವ ಬಟನ್ ಇದ್ದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಲದು. ಅದು ಕೆಲಸ ಮಾಡುವುದು ಬ್ರೇಕಿನಿಂದಲೇ. ನಿಮ್ಮ ಕಾಲಿನ ಬದಲು ಕಂಪ್ಯೂಟರ್ ಬ್ರೇಕ್ ಒತ್ತುತ್ತದೆ, ಬಿಸಿ ಆಗುವುದು ಅದೇ ಪ್ಯಾಡು. ಎಸ್ಟೇಟ್ ಒಳಗಿನ ಕಚ್ಚಾ ರಸ್ತೆಯಲ್ಲಿ ನೂರಿನ್ನೂರು ಮೀಟರ್ ಕಡಿದಾದ ಇಳುಕಲಿಗೆ ಅದು ಒಳ್ಳೆಯದು, ಉದ್ದ ಘಾಟಿಗೆ ಅಲ್ಲ.

ಮತ್ತೊಮ್ಮೆ ವಾಸನೆ ಬಂದರೆ ಮೊನ್ನೆ ಮಾಡಿದ್ದನ್ನೇ ಮಾಡಿ. ಅಗಲವಾದ ಜಾಗ ನೋಡಿ ನಿಲ್ಲಿಸಿ ತಣ್ಣಗಾಗಲು ಬಿಡಿ. ಬೇಗ ಆಗಲಿ ಅಂತ ಚಕ್ರಕ್ಕೆ ನೀರು ಸುರಿಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ಇನ್ನೇನು ಪೆಡಲ್ ಪೂರ್ತಿ ಕೆಳಗೆ ಹೋಗೇಬಿಟ್ಟಿತು ಅನ್ನುವ ಸ್ಥಿತಿ ಬಂದರೆ, ಪೆಡಲನ್ನು ಬೇಗ ಬೇಗ ಪಂಪ್ ಮಾಡುತ್ತಾ ಒಂದೊಂದೇ ಗೇರ್ ಇಳಿಸುತ್ತಾ ಹೋಗಿ. ಕಂಪ್ಯೂಟರ್ ಮೊದಲ ಸಲ ಅರ್ಜಿ ವಜಾ ಮಾಡಿದರೂ ಮತ್ತೆ ಒತ್ತಿ. ವೇಗ ಸ್ವಲ್ಪ ಇಳಿದ ಕೂಡಲೇ ಅದು ಒಪ್ಪುತ್ತದೆ. ಕೈಬ್ರೇಕನ್ನು ಒಮ್ಮೆಲೇ ಎಳೆಯದೆ ನಿಧಾನವಾಗಿ ಎಳೆಯಿರಿ. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಸ್ವಿಚ್ಚನ್ನು ಬಿಡದೆ ಎತ್ತಿ ಹಿಡಿದುಕೊಂಡರೆ ಸಾಮಾನ್ಯವಾಗಿ ಅದು ತುರ್ತು ಬ್ರೇಕ್ ಆಗುತ್ತದೆ. ನಿಮ್ಮ ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ, ಮನೆಯಲ್ಲಿ ಕೂತು ಓದಿಕೊಳ್ಳಿ.

ಹತ್ತುವಾಗ ನಿಮಗೆ ಮ್ಯಾನುಯಲ್ ಮೋಡ್ ಅಷ್ಟೇನೂ ಬೇಡ. ಟಾರ್ಕ್ ಕನ್ವರ್ಟರ್ ಕಾರಿನಲ್ಲಿ ಎಕ್ಸಲರೇಟರ್ ಜೋರಾಗಿ ಒತ್ತಿದರೆ ಅದೇ ಎರಡು ಗೇರ್ ಇಳಿದು ಪಿಕಪ್ ಕೊಡುತ್ತದೆ. ಒಂದೇ ಒಂದು ಸಂದರ್ಭ ಇದೆ. ಶಿರಾಡಿಯಲ್ಲಿ ಟ್ಯಾಂಕರುಗಳ ಸಾಲಿನ ಹಿಂದೆ ಸಿಕ್ಕಿಬಿದ್ದು ನಿಧಾನವಾಗಿ ಹತ್ತುವಾಗ ಗೇರ್‌ಬಾಕ್ಸ್ ಎರಡಾ ಮೂರಾ ಅಂತ ತೀರ್ಮಾನ ಮಾಡಲಾಗದೆ ಹಾಕಿ ತೆಗೆದು ಮಾಡುತ್ತಿರುತ್ತದೆ. ಆ ಹಾಕಿ ತೆಗೆಯುವುದರಲ್ಲಿ ಒಳಗಿನ ಆಯಿಲ್ ಕಾಯುತ್ತದೆ. ‘ಎಂ2’ ಹಾಕಿ ಹಿಡಿದುಬಿಟ್ಟರೆ ಗೇರ್‌ಬಾಕ್ಸಿಗೂ ನೆಮ್ಮದಿ, ಕೂತವರಿಗೂ ನೆಮ್ಮದಿ. ನೋಡಿ, ಗೇರ್‌ಬಾಕ್ಸ್ ಕೆಡುತ್ತದೆ ಅಂತ ಭಾವ ಯಾವುದನ್ನು ಬೇಡ ಅಂದರೋ ಅದೇ ಇಲ್ಲಿ ಅದನ್ನು ಉಳಿಸುತ್ತದೆ.

ಇನ್ನು ನಿಮ್ಮ ತಂದೆಯವರ ಎಎಂಟಿ. ಅಲ್ಲಿ ಕಥೆ ಬೇರೆ. ಮ್ಯಾನುಯಲ್ ಮೋಡಿನ ನಿಜವಾದ ಬೆಲೆ ಗೊತ್ತಾಗುವುದು ಎಎಂಟಿಯಲ್ಲೇ ಅಂತ ನನ್ನ ಅಭಿಪ್ರಾಯ.

2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ನಮ್ಮ ದೇಶದಲ್ಲಿ ಎಎಂಟಿ ಮನೆಮಾತಾಯಿತು. ಅದರ ಒಳಗಿರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ, ಮಾಮೂಲಿ ಕ್ಲಚ್ ಪ್ಲೇಟೇ. ನಿಮ್ಮ ಎಡಗಾಲು, ಎಡಗೈ ಮಾಡುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಆದ್ದರಿಂದ ಗೇರ್ ಬದಲಾಗುವಾಗ ಒಂದು ಕ್ಷಣ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿಯುತ್ತದೆ. ತಲೆ ಮುಂದಕ್ಕೆ ತೂಗುತ್ತದೆ. ಸಮತಟ್ಟು ರಸ್ತೆಯಲ್ಲಿ ಇದು ಬರೀ ಕಿರಿಕಿರಿ. ಏರಿನಲ್ಲಿ ಲಾರಿಯನ್ನು ಅರ್ಧ ದಾಟಿದ್ದೀರಿ, ಎದುರಿನಿಂದ ಬಸ್ಸು ಕಾಣುತ್ತಿದೆ, ಆಗ ಅದಕ್ಕೆ ಮೂರನೇ ಗೇರ್ ಹಾಕುವ ಮನಸ್ಸಾದರೆ? ಎದೆ ಝಲ್ ಅನ್ನುತ್ತದೆ. ಓವರ್‌ಟೇಕಿಗೆ ಮುಂಚೆ ‘ಎಂ’ಗೆ ತಂದು ಎರಡಕ್ಕೋ ಮೂರಕ್ಕೋ ಇಳಿಸಿಕೊಂಡು, ದಾಟಿದ ಮೇಲೆಯೇ ಮೇಲಿನ ಗೇರ್ ಹಾಕಿದರೆ ಆ ಪ್ರಸಂಗವೇ ಬರುವುದಿಲ್ಲ. ಗೇರ್ ಮೇಲೆ ಹಾಕುವಾಗ ಎಕ್ಸಲರೇಟರನ್ನು ಒಂದಿಷ್ಟು ಸಡಿಲ ಮಾಡಿದರೆ ತಲೆ ತೂಗುವುದೂ ಕಡಿಮೆ. ತಂದೆಯವರು ಮ್ಯಾನುಯಲ್ ಓಡಿಸಿದವರಾದರೆ ಇದು ಅವರಿಗೆ ಒಂದೇ ದಿನದಲ್ಲಿ ಕೈಗೆ ಹತ್ತುತ್ತದೆ.

ಎಎಂಟಿ ಇಳಿಸುವಾಗಲೂ ಇದೇ ಕ್ರಮ, ಒಂದು ಎಚ್ಚರಿಕೆ ಜಾಸ್ತಿ. ವೇಗ ತೀರಾ ಕಡಿಮೆಯಾದರೆ ಎಂಜಿನ್ ಆಫ್ ಆಗದಿರಲಿ ಅಂತ ಯಂತ್ರ ತಾನೇ ಕ್ಲಚ್ ಒತ್ತಿ ಎಂಜಿನ್ನನ್ನು ಚಕ್ರದಿಂದ ಬಿಡಿಸುತ್ತದೆ. ಆ ಕ್ಷಣ ಕಾರು ನ್ಯೂಟ್ರಲ್‌ನಲ್ಲಿ ಇದ್ದ ಲೆಕ್ಕ. ಬ್ರೇಕ್ ಮೇಲೆ ಕಾಲು ಸಿದ್ಧವಿರಲಿ. ಹಾಗೆಯೇ ಏರಿನಲ್ಲಿ ಟ್ರಾಫಿಕ್ ನಿಂತಾಗ ಎಕ್ಸಲರೇಟರ್ ಒತ್ತಿ ಕಾರನ್ನು ತೂಗಿ ಹಿಡಿಯುವುದು ಬೇಡವೇ ಬೇಡ. ಮ್ಯಾನುಯಲ್ ಕಾರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ನಿಂತ ಹಾಗೇ ಅದು. ಪ್ಲೇಟ್ ಸವೆದು ಹೋಗುತ್ತದೆ, ಇದನ್ನು ಮ್ಯಾನುಯಲ್ ಮೋಡ್ ಕೂಡ ತಪ್ಪಿಸುವುದಿಲ್ಲ. ಕೈಬ್ರೇಕ್ ಹಾಕಿ ನಿಲ್ಲಿ. ಮತ್ತೆ, ಮಾರುತಿಯಂಥ ಎಎಂಟಿ ಕಾರುಗಳಲ್ಲಿ ‘ಪಿ’ (ಪಾರ್ಕಿಂಗ್ ಲಾಕ್) ಇರುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ ಗೇರಿನಲ್ಲೇ ಎಂಜಿನ್ ಆಫ್ ಮಾಡಿ ಕೈಬ್ರೇಕ್ ಎಳೆಯಲು ಹೇಳಿ. ನ್ಯೂಟ್ರಲ್‌ನಲ್ಲಿ ಬಿಟ್ಟು ಇಳಿದು ಹೋಗಿ, ಕಾರು ಅಂಗಳ ದಾಟಿ ತೋಟಕ್ಕೆ ಇಳಿದ ಕಥೆಗಳು ನಮ್ಮ ಕಡೆ ಇವೆ.

ಬೇರೆ ಬಗೆಯ ಆಟೋಮ್ಯಾಟಿಕ್ ಇರುವವರೂ ಇದನ್ನು ಓದುತ್ತಿರುತ್ತಾರೆ, ಅವರಿಗೂ ಒಂದೆರಡು ಮಾತು. ಸಿವಿಟಿಯಲ್ಲಿ ಗೇರೇ ಇಲ್ಲ, ಎರಡು ಪುಲ್ಲಿಗಳ ನಡುವೆ ಒಂದು ಉಕ್ಕಿನ ಬೆಲ್ಟ್. ಹೊಂಡಾ ಸಿಟಿಯಲ್ಲಿ 7 ಗೇರ್ ಅಂತ ಪ್ಯಾಡಲ್ ತೋರಿಸುತ್ತದಲ್ಲ, ಅದು ಕಂಪ್ಯೂಟರ್ ಪುಲ್ಲಿಯನ್ನು ಏಳು ಜಾಗದಲ್ಲಿ ಹಿಡಿದು ನಿಲ್ಲಿಸಿ ಆಡುವ ನಾಟಕ. ಓಡಿಸುವ ಖುಷಿಗೆ ಅದರಿಂದ ದೊಡ್ಡ ಲಾಭ ಇಲ್ಲ. ಆದರೆ ಇಳಿಜಾರಿಗೆ ಆ ನಾಟಕವೂ ನಿಜವಾದ ಕೆಲಸ ಮಾಡುತ್ತದೆ, ಕಾರನ್ನು ಹಿಡಿಯುತ್ತದೆ. ಪ್ಯಾಡಲ್ ಇಲ್ಲದ ಸಿವಿಟಿಯಲ್ಲಿ ‘ಎಲ್’ ಅಥವಾ ‘ಎಸ್’ ಇರುತ್ತದೆ, ಅದನ್ನೇ ಬಳಸಿ.

ಎರಡು ಕ್ಲಚ್ಚಿನ ಡಿಸಿಟಿ, ಡಿಎಸ್‌ಜಿ ಕಾರುಗಳವರು ನನ್ನನ್ನು ಕೇಳುವುದು ಸಿಲ್ಕ್ ಬೋರ್ಡ್ ಬಗ್ಗೆ. ಟ್ರಾಫಿಕ್‌ನಲ್ಲಿ ‘ಎಂ1’ ಹಾಕಿದರೆ ಕ್ಲಚ್ ಉಳಿಯುತ್ತದೆ ಅಂತ ಎಲ್ಲೋ ಕೇಳಿರುತ್ತಾರೆ. ಪೂರ್ತಿ ನಿಜ ಅಲ್ಲ. ಒಂದು-ಎರಡು-ಒಂದು ಅಂತ ಗೇರ್ ಬದಲಾಗುತ್ತಿರುವುದು ತಪ್ಪುತ್ತದೆ, ಅದು ಸರಿ. ಆದರೆ ನಡೆದು ಹೋಗುವವರ ವೇಗದಲ್ಲಿ ಕಾರು ತೆವಳುವಾಗ ಒಂದನೇ ಗೇರಿನಲ್ಲೂ ಕ್ಲಚ್ ಅರ್ಧ ಉಜ್ಜುತ್ತಲೇ ಇರುತ್ತದೆ. ಅದಕ್ಕೆ ಮದ್ದು ಗೇರಿನಲ್ಲಿಲ್ಲ. ಮುಂದಿನ ಕಾರಿಗೆ ಸ್ವಲ್ಪ ಜಾಗ ಬಿಟ್ಟು, ಜಾಗ ಸಿಕ್ಕಾಗ ಒಂದೇ ಸಲ ಹೋಗಿ, ಮತ್ತೆ ಪೂರ್ತಿ ನಿಲ್ಲಿ. ಆಟೋದವನು ಆ ಜಾಗಕ್ಕೆ ನುಗ್ಗುತ್ತಾನೆ, ಗೊತ್ತು. ನುಗ್ಗಲಿ, ಕ್ಲಚ್ಚಿನ ಬಿಲ್ಲು ಅವನು ಕಟ್ಟುವುದಿಲ್ಲ.

ಎಲೆಕ್ಟ್ರಿಕ್ ಕಾರಿನ ಪ್ಯಾಡಲ್ ಗೇರಿನದ್ದಲ್ಲ, ಮೋಟರ್ ಎಷ್ಟು ಬಿಗಿಯಾಗಿ ಹಿಡಿಯಬೇಕು ಅನ್ನುವುದರದ್ದು. ಇಳಿಯುವಾಗ ಬ್ಯಾಟರಿಗೆ ಚಾರ್ಜ್ ಕೂಡ ಆಗುತ್ತದೆ. ಘಾಟಿಯ ತುದಿಯಲ್ಲೇ 100% ಚಾರ್ಜ್ ಮಾಡಿಕೊಂಡು ಇಳಿಯಲು ಹೊರಡಬೇಡಿ ಅಷ್ಟೇ. ತುಂಬಿದ ಬ್ಯಾಟರಿಗೆ ಇನ್ನಷ್ಟು ತುಂಬಲು ಜಾಗ ಇರುವುದಿಲ್ಲ, ಹಿಡಿತವೂ ಕಡಿಮೆಯಾಗುತ್ತದೆ.

ಮೈಲೇಜಿಗಾಗಿ ಮ್ಯಾನುಯಲ್ ಮೋಡ್ ಬಳಸುತ್ತೇನೆ ಅನ್ನುವವರಿಗೆ ನನ್ನ ಉತ್ತರ ಬೇಡ ಅಂತಲೇ. ಸಮತಟ್ಟು ರಸ್ತೆಯಲ್ಲಿ ಯಾವಾಗ ಯಾವ ಗೇರ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಅನ್ನುವುದನ್ನು ಆ ಕಂಪ್ಯೂಟರ್ ನಮಗಿಂತ ಚೆನ್ನಾಗಿ ಮಾಡುತ್ತದೆ. ಘಾಟಿ ಇಳಿದು ಉಜಿರೆ ಕಡೆ ನೇರ ರಸ್ತೆ ಸಿಕ್ಕ ಮೇಲೆ ‘ಡಿ’ಗೆ ವಾಪಸ್ ಹಾಕುವುದನ್ನು ಮರೆತು ಮೂರನೇ ಗೇರಿನಲ್ಲೇ 70ರಲ್ಲಿ ಹೋಗುವವರೇ ಜಾಸ್ತಿ, ಉಳಿಸಿದ್ದೆಲ್ಲ ಅಲ್ಲಿ ಹೋಗುತ್ತದೆ.

ಹೊಸ ಕಾರು ನೋಡುತ್ತಿರುವವರು ಪ್ಯಾಡಲ್‌ಗೋಸ್ಕರ ಮೇಲಿನ ವೇರಿಯಂಟಿಗೆ ದುಡ್ಡು ಹಾಕಬೇಕಾಗಿಲ್ಲ. ಲಿವರಿನಲ್ಲಿ ‘ಎಂ’ ಅಥವಾ ‘ಎಲ್’ ಇದ್ದರೆ ಘಾಟಿಗೆ ಅಷ್ಟೇ ಸಾಕು. ಎರಡೂ ಇಲ್ಲದ ಕಾರಾದರೆ, ಮಲೆನಾಡಿನ ಕಡೆ ಓಡಾಟ ಇರುವವರು ಎರಡು ಸಲ ಯೋಚಿಸಿ.

ನೀವು ಮುಂದಿನ ಸಲ ಊರಿಗೆ ಹೊರಡುವ ಮುಂಚೆ ಬ್ರೇಕ್ ಕೆಲಸ ಮುಗಿಸಿಕೊಳ್ಳಿ. ಒಂದು ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ, ಒಬ್ಬರೇ, 40ರ ವೇಗದಲ್ಲಿ ‘ಎಂ’ ಹಾಕಿ ಮೈನಸ್ ಒತ್ತಿ ನೋಡಿ. ಕಾರು ಎಷ್ಟು ಹಿಡಿಯುತ್ತದೆ, ಸದ್ದು ಎಷ್ಟು ಬರುತ್ತದೆ, ಯಾವ ವೇಗದಲ್ಲಿ ಅದು ಒಪ್ಪುವುದಿಲ್ಲ ಅನ್ನುವುದು ಕೈಗೆ ಗೊತ್ತಾಗಲಿ. ಭಾವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುವುದಾದರೆ ಅದು ಎರಡನೇ ಸಲಕ್ಕೆ ಇರಲಿ.